ಕೊಂಬಿನ ಲೋಟ ಯಾರನ್ನು ದಾಟಿಹೋಯಿತು?

ಯೊಸ್ಮಾರಿ ಚೀರಿದ್ದು ಕೇಳಿ ಡೋನ್ಯಾ ರುಫೀನಾ ಮೊದಲು ಮಾಡಿದ ಕೆಲಸವೆಂದರೆ ಹೆಬ್ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ಅಂಗಿಯೊಳಗೆ ಸೇರಿಸಿಕೊಂಡದ್ದು. ಏನಾಯಿತೆಂದು ಕೇಳಿದ್ದು ಆಮೇಲೆ. ಎನ್ಕಾರ್ನಾಸಿಯೋನಿನಲ್ಲಿ, ನದಿ ಸೇತುವೆಯ ಪರಗ್ವಾಯಿ ಕಡೆ, ಬಾಡಿಗೆ ಕೋಣೆಗಳ ಮನೆ ನಡೆಸಿ ತಲೆ ನರೆಸಿಕೊಂಡವಳಿಗೆ ಇಷ್ಟು ಬುದ್ಧಿ ಬಾರದೆ ಇರುತ್ತದೆಯೇ?

ಏನಾಗಿತ್ತೆಂದರೆ, ಯೊಸ್ಮಾರಿಯ ತಗಡಿನ ಪೆಟ್ಟಿಗೆಯಿಂದ ಒಂದು ಹಾಳೆ ಮಾಯವಾಗಿತ್ತು. ಆಕೆಯ ಮೇಲೆ ಯಾವ ಕೇಸೂ ಇಲ್ಲವೆಂದು ವೆನೆಜುವೆಲಾದ ಸರ್ಕಾರ ಮೊಹರು ಒತ್ತಿ ಕೊಟ್ಟ ಹಾಳೆ. ಅದನ್ನು ಕಳಿಸಲು ಅವಳ ತಾಯಿ ಮಾರಕೈಬೋದಲ್ಲಿ ಕಚೇರಿ ಕಚೇರಿ ಅಲೆದು ಚಪ್ಪಲಿ ಸವೆಸಿದ್ದಳು. ಮರುದಿನ ಬೆಳಿಗ್ಗೆ ವಲಸೆ ಕಚೇರಿಯಲ್ಲಿ ಯೊಸ್ಮಾರಿಯ ಸರದಿ. ಆ ಹಾಳೆ ಇಲ್ಲದೆ ವಾಸದ ಪರವಾನಗಿ ಇಲ್ಲ, ಪರವಾನಗಿ ಇಲ್ಲದೆ ಬೇಕರಿಯ ಕೆಲಸ ಇಲ್ಲ, ಮತ್ತು ಅವಳು ಈ ನೆಲದಲ್ಲಿ ಇರಬಹುದಾದ ಅವಧಿ ಆ ವಾರವೇ ಮುಗಿಯುತ್ತಿತ್ತು.

"ಇನ್ನೊಂದು ತರಿಸೋಕೆ ತಿಂಗಳುಗಟ್ಟಲೆ ಬೇಕು ಡೋನ್ಯಾ," ಎಂದು ಯೊಸ್ಮಾರಿ ನೆಲದಲ್ಲೇ ಕುಸಿದಳು. "ಮುಗೀತು ನನ್ನ ಕತೆ."

"ಥೂ, ಬಿಡ್ತು ಅನ್ನು! ನಾನಿನ್ನೂ ಬದುಕಿದೀನಿ," ಎಂದ ರುಫೀನಾ ನೀರಿಗಾಗಿ ಪಕ್ಕದಲ್ಲಿದ್ದ ಫ್ಲಾಸ್ಕಿಗೆ ಕೈ ಹಾಕಿದಳು.

ಅದು ಲಿಸಾಂದ್ರೋನ ಫ್ಲಾಸ್ಕು. ಲಿಸಾಂದ್ರೋ ಎಂದರೆ ಯೊಸ್ಮಾರಿಗೆ ಉಂಗುರ ತೊಡಿಸಿದವನು, ಸೇತುವೆಯಾಚೆ ಅರ್ಜೆಂಟೀನಾದ ಪೊಸಾದಾಸಿನವನು. ಭಾನುವಾರ ಬಂತೆಂದರೆ ಬಗಲಲ್ಲಿ ಈ ಫ್ಲಾಸ್ಕಿನೊಂದಿಗೆ ಹಾಜರು. ಅದಕ್ಕೊಂದು ತೊಗಲಿನ ಹೊದಿಕೆ, ಬದಿಯಲ್ಲಿ ದಾರದ ಹೆಣಿಗೆ, ಮೇಲೆ ಇಬ್ಬರ ಹೆಸರಿನ ಮೊದಲಕ್ಷರ.

ಅವನು ಫ್ಲಾಸ್ಕನ್ನು ಸರಕ್ಕನೆ ಎಳೆದುಕೊಂಡ. "ಇದರ ನೀರು ಬೆಚ್ಚಗಾಗಿಬಿಟ್ಟಿದೆ ಡೋನ್ಯಾ. ತಾಳಿ, ತಣ್ಣಗಿರೋದು ತರ್ತೀನಿ," ಎನ್ನುತ್ತಾ ಅಡುಗೆಮನೆಗೆ ಓಡಿದ.

ಎಂಥ ಪ್ರೀತಿ ಎಂದುಕೊಂಡಳು ರುಫೀನಾ. ಆಮೇಲೆ ಎಲ್ಲರ ಚೀಲ, ಹಾಸಿಗೆ, ಜೇಬು ಜಾಲಾಡಿದಳು. ಹಾಳೆ ಸಿಗಲಿಲ್ಲ. ಸೀದಾ ಮಹಡಿ ಹತ್ತಿದಳು.

ಮಹಡಿಯ ಮುಂಗೋಣೆಯಲ್ಲಿ ಡೋನ್ ತಿಯೋಫಿಲೋ ಇದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲೂ ಊರಿನವರು ಕಳ್ಳತನವಾದರೆ ಠಾಣೆಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಅಂಥ ಪತ್ತೇದಾರಿಕೆಗಳಿಗೆಲ್ಲ ರುಫೀನಾಳೇ ಜೊತೆ. ಫುಟ್ಬಾಲ್ ಕಂಡರಾಗದ ಆ ಮನುಷ್ಯ ಮಧ್ಯಾಹ್ನವೆಲ್ಲ ಮಲಗಿ ಈಗಷ್ಟೇ ಕಣ್ಣುಜ್ಜಿಕೊಳ್ಳುತ್ತಿದ್ದರು.

"ಕಳ್ಳ ಸಿಕ್ಕಾಯ್ತು, ನೀವು ಬಂದು ಒಪ್ಪಿಸಿದ್ರೆ ಸಾಕು," ಎಂದಳು ರುಫೀನಾ. "ಹೊಸದಾಗಿ ಬಂದಿದಾನಲ್ಲ ಆ ಕ್ಷೌರದ ಎದಿಕ್ಸನ್, ಅವನೇ."

"ನೋಡಿದ್ಯಾ?"

"ನೋಡೋದೇನು ಬಂತು? ಅಂಗಳಕ್ಕೆ ಟೀವಿ ತಂದು ಎಲ್ಲರೂ ಮ್ಯಾಚ್ ನೋಡ್ತಿದ್ವಿ. ಸುತ್ತ ಕೂತಿದ್ವಿ, ತೆರೆರೆ ನಾನೇ ಹುಯ್ದು ಕೊಡ್ತಿದ್ದೆ. ಒಬ್ರೂ ಎದ್ದು ಹೋಗ್ಲಿಲ್ಲ. ಇವನು ಮಾತ್ರ ಮೊದಲನೇ ಲೋಟ ವಾಪಸ್ ಕೊಡ್ತಾನೇ 'ಗ್ರಾಸಿಯಾಸ್' ಅಂದುಬಿಟ್ಟ! ಅಂದ್ರೆ ನಂಗಿನ್ನು ಸಾಕು ಅಂತ. ಆಮೇಲೆ ನಾನು ಲೋಟ ಕೊಟ್ಟಿಲ್ಲ, ಅವನ ಕಡೆ ನೋಡೂ ಇಲ್ಲ. ಎದ್ದುಹೋಗೋಕೆ ತಾನೇ ಅಷ್ಟು ಬೇಗ ಸಾಕು ಅಂದಿದ್ದು?"

ಒಣಎಲೆಯ ಪುಡಿಗೆ ಐಸುನೀರು ಹುಯ್ದು ಮಾಡುವ ತೆರೆರೆ ಒಂದೇ ಕೊಂಬಿನ ಲೋಟದಲ್ಲಿ, ಒಂದೇ ಲೋಹದ ಕೊಳವೆಯಲ್ಲಿ ಕೈಯಿಂದ ಕೈಗೆ ಸುತ್ತುತ್ತದೆ. ಸುಮ್ಮನೆ ಹಿಂದಿರುಗಿಸಿದವನಿಗೆ ಮುಂದಿನ ಸುತ್ತಿನಲ್ಲೂ ಪಾಲುಂಟು. 'ಗ್ರಾಸಿಯಾಸ್' ಎಂದು ಧನ್ಯವಾದ ಹೇಳಿದವನಿಗೆ ಇಲ್ಲ. ಇದು ಆ ಊರಿನ ಎಳೆಯ ಮಕ್ಕಳಿಗೂ ಗೊತ್ತು.

"ಪೆಟ್ಟಿಗೇಲಿ ಬೇರೇನಿತ್ತು?" ಎಂದರು ತಿಯೋಫಿಲೋ.

"ಪಾಸ್‌ಪೋರ್ಟು, ಅದರೊಳಗೆ ಅವಳ ದುಡ್ಡು. ಎರಡೂ ಹಾಗೇ ಇದೆ."

"ವಿಚಿತ್ರ ಕಳ್ಳ. ಐಸ್ ಕೊನೇವರೆಗೂ ಇತ್ತಾ?"

"ಏನು ಸ್ವಾಮಿ ನೀವು! ಹುಡುಗಿ ಬದುಕು ಹಾಳಾಗ್ತಿದೆ, ನಿಮಗೆ ಐಸಿನ ಚಿಂತೆ! ಇತ್ತು. ಜಗ್ ಖಾಲಿಯಾಯ್ತು, ತುಂಬಿಕೊಂಡು ಬಂತು."

"ತಾನಾಗೇ ನಡ್ಕೊಂಡು ಬಂತಾ?"

ಯಾರು ತಂದರೆಂಬುದು ರುಫೀನಾಳಿಗೆ ನೆನಪಾಗಲಿಲ್ಲ. ಪೆನಾಲ್ಟಿ ಒದೆಯುವ ಹೊತ್ತಿನಲ್ಲಿ ಜಗ್ಗನ್ನು ಯಾರು ನೋಡುತ್ತಾರೆ?

ತಿಯೋಫಿಲೋ ಕೆಳಗಿಳಿದು ಎದಿಕ್ಸನ್‌ನನ್ನು ಕರೆದರು. ಅವನು ಮುಖ ಊದಿಸಿಕೊಂಡಿದ್ದ.

"ನಿಮ್ಮ ಮನೇಲಿ ವೆನೆಜುವೆಲಾದವರನ್ನ ಕಂಡ್ರೆ ಆಗಲ್ಲ ಅಂತ ಆಗಲೇ ಗೊತ್ತಾಯ್ತು ಬಿಡಿ," ಎಂದ. "ಆ ಸೆಕೇಲಿ ಒಂದೇ ಒಂದು ಲೋಟ ಕೊಟ್ರು. ಮರ್ಯಾದೆಯಾಗಿ ಧನ್ಯವಾದ ಹೇಳಿದೆ. ಆಮೇಲೆ ಪ್ರತಿ ಸಲಾನೂ ಲೋಟ ನನ್ನ ಮೂಗಿನ ಮುಂದೇನೇ ದಾಟಿಕೊಂಡು ಹೋಯ್ತು! ನಾನೇನು ಪಾಪ ಮಾಡಿದ್ದೆ?"

ರುಫೀನಾ ಹಣೆ ಬಡಿದುಕೊಂಡಳು. ಅಯ್ಯೋ ದೇವರೇ, ಇವನಿಗೆ ಪದ್ಧತಿಯೇ ಗೊತ್ತಿರಲಿಲ್ಲ!

ತಿಯೋಫಿಲೋ ನಗುತ್ತಾ ಅವನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದರು. ಅವರು ಏನು ಕೇಳಿದರೋ, ಅವನು ಏನು ಹೇಳಿದನೋ ರುಫೀನಾಳಿಗೆ ಕೇಳಿಸಲಿಲ್ಲ. ಹಿಂದಿರುಗಿದವರು, "ಎಲ್ಲರೂ ಮಧ್ಯಾಹ್ನ ಕೂತಲ್ಲೇ ಬಂದು ಕೂತ್ಕೊಳ್ಳಿ. ರುಫೀನಾ, ತೆರೆರೆ ಮಾಡು," ಎಂದರು.

ಮಾವಿನ ಮರದ ಕೆಳಗೆ ಕುರ್ಚಿಗಳು ಸುತ್ತುಗಟ್ಟಿದವು. ಬಾಡಿಗೆದಾರರು ಗುಸುಗುಸು ಎನ್ನುತ್ತಿದ್ದರು. ಸೇತುವೆಯ ಈ ಕಡೆ ಮೇಲೋ ಆ ಕಡೆ ಮೇಲೋ ಎಂಬ ವಾದ ಆ ಮನೆಯಲ್ಲಿ ಊಟದಷ್ಟೇ ನಿತ್ಯದ್ದು, ಈಗಲೂ ಅದೇ ಶುರುವಾಯಿತು.

"ಅದಕ್ಕೇ ನಾನು ಬಡ್ಕೊಂಡಿದ್ದು," ಎಂದ ಲಿಸಾಂದ್ರೋ, ಯೊಸ್ಮಾರಿಯ ಕೈ ಹಿಡಿದು. "ಆ ಕಡೆ ಆಸ್ಪತ್ರೆ, ಕಾಲೇಜು ಎಲ್ಲಾ ಪುಕ್ಕಟೆ. ಪಾಸ್‌ಪೋರ್ಟ್ ಇದೆಯಲ್ಲ, ನಾಳೆನೇ ಸೇತುವೆ ದಾಟೋಣ. ಮದುವೆಯಾದ್ರೆ ಉಳಿದದ್ದೆಲ್ಲ ನಾನು ನೋಡ್ಕೋತೀನಿ."

"ಅಲ್ಲಿ ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು. ಇಲ್ಲಿ ಬ್ರೆಡ್ಡಿನ ಬೆಲೆ ಕೇಳಿ ಎದೆ ಹಿಡ್ಕೊಳ್ಳೋ ಹಾಗಿಲ್ಲ," ಎಂದು ರುಫೀನಾ ಗುಡುಗಿದಳು.

"ಎರಡೂ ನಿಜ," ಎಂದರು ತಿಯೋಫಿಲೋ. "ಎಲ್ಲಿರಬೇಕು ಅನ್ನೋದು ಯೊಸ್ಮಾರಿ ಇಷ್ಟ. ಅವಳ ಇಷ್ಟವನ್ನ ಕದ್ದೋರು ಯಾರು, ಅದನ್ನ ನೋಡೋಣ. ಹೊಟ್ಟೆಪಾಡಿನ ಕಳ್ಳನಾಗಿದ್ರೆ ದುಡ್ಡು ಬಿಡ್ತಿರಲಿಲ್ಲ. ಪತ್ರ ಮಾರೋನಾಗಿದ್ರೆ ಪಾಸ್‌ಪೋರ್ಟ್ ಬಿಡ್ತಿರಲಿಲ್ಲ. ಇವನು ಈ ಕಡೆ ನಿಲ್ಲೋಕೆ ಬೇಕಾದ ಹಾಳೆ ತೆಗೆದ, ಆ ಕಡೆ ದಾಟೋಕೆ ಬೇಕಾದ್ದನ್ನ ಜೋಪಾನವಾಗಿ ಬಿಟ್ಟ."

ಲಿಸಾಂದ್ರೋ ಯೊಸ್ಮಾರಿಯ ಕೈ ಬಿಟ್ಟ.

"ಯಾರೂ ಎದ್ದು ಹೋಗಲಿಲ್ಲ ಅಂತ ರುಫೀನಾ ಅಂದ್ಲು. ಸುಳ್ಳಲ್ಲ. ಎಲ್ಲರಿಗೂ ಅಂತ ಐಸ್ ತರೋಕೆ ಹೋದವನನ್ನ ನಮ್ಮ ಜನ ಎದ್ದುಹೋದ ಅನ್ನಲ್ಲ, ಅವನು ಸುತ್ತಿನೊಳಗೇ ಲೆಕ್ಕ. ಅಡುಗೆಮನೆ ದಾರಿ ಯೊಸ್ಮಾರಿ ಬಾಗಿಲ ಮುಂದೇನೇ ಹೋಗುತ್ತೆ. ನೀವೆಲ್ಲ ಟೀವಿ ನೋಡ್ತಿದ್ರಿ. ಲೋಟ ನೋಡ್ತಿದ್ದೋನು ಒಬ್ಬನೇ. ಬಾಯಾರಿದೋನು. ಎದಿಕ್ಸನ್, ಹೇಳಪ್ಪ."

ಎದಿಕ್ಸನ್ ಎದ್ದು ನಿಂತ. "ಲೋಟ ಯಾವಾಗಲೂ ನನ್ನೊಬ್ಬನನ್ನೇ ದಾಟ್ತಿತ್ತು. ಒಂದ್ಸಲ ಇನ್ನೊಂದು ಕುರ್ಚೀನೂ ದಾಟ್ತು. ಈ ಅಣ್ಣಂದು," ಎಂದು ಲಿಸಾಂದ್ರೋನ ಕಡೆ ಕೈ ತೋರಿಸಿದ. "ಆಮೇಲೆ ಬಂದ್ರು, ಒಂದು ಕೈಲಿ ಐಸಿನ ಜಗ್, ಇನ್ನೊಂದರಲ್ಲಿ ಫ್ಲಾಸ್ಕು. ಅದರೊಳಗೂ ಐಸ್ ಗಲಗಲ ಅಂತಿತ್ತು. ನಂಗೊಂದು ಗುಟುಕು ಕೊಡಬಹುದೇನೋ ಅಂತ ನೋಡ್ತಿದ್ದೆ."

ರುಫೀನಾಳಿಗೆ ತಟ್ಟನೆ ಹೊಳೆಯಿತು. ಕುರ್ಚಿಯಿಂದ ಜಿಗಿದೆದ್ದಳು. "ಲೋ! ಆಗಷ್ಟೇ ಐಸ್ ತುಂಬಿದ ಫ್ಲಾಸ್ಕು ಬೆಚ್ಚಗಾಗಿದೆ ಅಂದ್ಯಲ್ಲೋ ನನ್ನ ಮುಂದೆ! ನಾಳೆವರೆಗೂ ಐಸ್ ಕರಗದ ಫ್ಲಾಸ್ಕಲ್ವೇನೋ ಅದು?"

"ಕೊಡಪ್ಪ ಇಲ್ಲಿ," ಎಂದು ತಿಯೋಫಿಲೋ ಕೈ ಚಾಚಿದರು.

ಅವನು ಕೊಡಲಿಲ್ಲ. ಯೊಸ್ಮಾರಿಯೇ ಕಿತ್ತುಕೊಂಡಳು. ಹೊದಿಕೆಯ ದಾರವನ್ನು ಅವಸರದಲ್ಲಿ ಒಂದು ತೂತು ಬಿಟ್ಟು ಹೆಣೆದಂತಿತ್ತು. ಉಗುರಿನಿಂದ ಎಳೆದಳು. ತೊಗಲಿಗೂ ಉಕ್ಕಿಗೂ ನಡುವೆ, ತಮ್ಮಿಬ್ಬರ ಮೊದಲಕ್ಷರದ ಬೆನ್ನಿಗೇ, ಮಡಿಸಿದ ಹಾಳೆ ಇತ್ತು. ಮೊಹರು ಹಾಗೇ ಇತ್ತು. ಅವಳು ಅದನ್ನು ಎದೆಗೊತ್ತಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದಳು.

"ಹರಿದು ಹಾಕಲಿಲ್ಲ ನೋಡು!" ಎಂದ ಲಿಸಾಂದ್ರೋ. "ಮದುವೆಯಾದ ಮೇಲೆ ಕೊಡ್ತಿದ್ದೆ. ನಿನ್ನ ಒಳ್ಳೇದಕ್ಕೇ ಮಾಡಿದ್ದು ಯೊಸ್ಮಾರಿ. ಆ ಕಡೆನೇ ನಿಂಗೆ ಒಳ್ಳೇದು, ನಿಂಗೇ ಗೊತ್ತು."

"ಇರಬಹುದು," ಎಂದಳು ಯೊಸ್ಮಾರಿ. ಅಳು ಅಲ್ಲಿಗೆ ನಿಂತಿತ್ತು. "ಆ ಕಡೆ ಚಿನ್ನದ್ದೇ ಇರಬಹುದು. ಆದ್ರೆ ಅಲ್ಲಿ ನಾನು ನಿನ್ನ ಹೆಂಡತಿ ಅಂತ ಇರಬೇಕು. ನೀನು ಮುನಿಸ್ಕೊಂಡ ದಿನ ನನ್ನ ಕಾಲ ಕೆಳಗಿನ ನೆಲ ಹೋಯ್ತು. ಇಲ್ಲಿ ಹಿಟ್ಟು ನಾದಿ ನಾನು ನಾನಾಗೇ ಇರ್ತೀನಿ. ಒಂದು ದೇಶ ಬಿಟ್ಟು ಬಂದಿದೀನಿ ಕಣೋ, ನಿನ್ನನ್ನ ಬಿಡೋದು ಯಾವ ದೊಡ್ಡ ಕೆಲಸ?"

ಉಂಗುರ ಬಿಚ್ಚಿ ಅವನ ಫ್ಲಾಸ್ಕಿನ ಮುಚ್ಚಳದೊಳಗೆ ಹಾಕಿ ಕೊಟ್ಟಳು. ರುಫೀನಾ ಪೊಲೀಸರನ್ನು ಕರೆಯಲೇ ಎಂದು ಕೇಳಿದಳು. ಯೊಸ್ಮಾರಿ ಬೇಡವೆಂದಳು. ಬೆಳಿಗ್ಗೆ ತಾನು ವಲಸೆ ಕಚೇರಿಯಲ್ಲಿ ನಿಲ್ಲಬೇಕು, ಠಾಣೆಯಲ್ಲಲ್ಲ ಎಂದಳು.

ರುಫೀನಾ ಕೊಂಬಿನ ಲೋಟ ತುಂಬಿ ಮೊದಲು ಎದಿಕ್ಸನ್‌ನ ಕೈಗಿತ್ತಳು. ಅವನು ಒಂದೇ ಉಸಿರಿಗೆ ಹೀರಿ, ಲೋಟ ಹಿಂದಿರುಗಿಸುತ್ತಾ ಅಭ್ಯಾಸಬಲದಿಂದ ಬಾಯಿ ತೆರೆದ.

"ಬಾಯ್ಮುಚ್ಚು!" ಎಂದು ರುಫೀನಾ ಗದರಿದಳು. "ಇವತ್ತು ಹೊಟ್ಟೆ ಬಿರಿಯೋವರೆಗೂ ಕುಡೀಬೇಕು ನೀನು."

ಎಲ್ಲರೂ ನಕ್ಕರು, ಯೊಸ್ಮಾರಿಯೂ ನಕ್ಕಳು. ಆಮೇಲೆ ರುಫೀನಾಳ ಕೈಯಿಂದ ಲೋಟ ಇಸಿದುಕೊಂಡು, ತಾನೇ ನೀರು ಹುಯ್ದು, ಲಿಸಾಂದ್ರೋನ ಮುಂದೆ ಹಿಡಿದಳು. ಅವನ ಕಣ್ಣಲ್ಲಿ ಆಸೆ ಮಿನುಗಿತು. ಕ್ಷಮಿಸಿದಳೆಂದೇ ತಿಳಿದು ಕೊನೆಯ ಹನಿಯವರೆಗೂ ಹೀರಿ, ಏನೂ ಹೇಳದೆ ಲೋಟ ಚಾಚಿದ.

ಯೊಸ್ಮಾರಿ ಕೈ ನೀಡಲಿಲ್ಲ.

"ಈಗ ಗ್ರಾಸಿಯಾಸ್ ಅನ್ನು," ಎಂದಳು.

ರುಫೀನಾ ಅಂಗಿಯೊಳಗಿಂದ ಬೀಗದ ಕೈ ತೆಗೆದು ಹೆಬ್ಬಾಗಿಲ ಕಡೆ ನಡೆದಳು.