ಏಳು ಟೊಮ್ಯಾಟೊಗಳ ಸುಳ್ಳು

ಜಿಮ್ಮಿನ ತರಬೇತುದಾರ ತೇಸಾನ್ ನನ್ನ ಕೈಗೆ ಕೊಟ್ಟ ಮೊದಲ ಕಾಗದವನ್ನು ನಾನು ಕೆಂಪು ಪೆನ್ನಿನಲ್ಲಿ ತಿದ್ದಿ ಅವನಿಗೇ ವಾಪಸು ಕೊಟ್ಟೆ.

ಅದು ಊಟದ ಪಟ್ಟಿ. ಬೆಳಿಗ್ಗೆ ಮೂರು ಮೊಟ್ಟೆಯ ಬಿಳಿ ಭಾಗ, ಮಧ್ಯಾಹ್ನ ಕೋಳಿಯ ಎದೆಮಾಂಸ ಮತ್ತು ಅಂಗೈಯಷ್ಟು ಸಿಹಿಗೆಣಸು, ಸಂಜೆ ಪ್ರೋಟೀನ್ ಪುಡಿ ಕದಡಿದ ಒಂದು ಶೇಕ್. ಕೆಳಗೆ ಜಿಮ್ಮಿನಲ್ಲೇ ಮಾರುವ ಡಬ್ಬಗಳ ಹೆಸರು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ, ಗುರಿ: ಎಂಟು ಕಿಲೋ ಇಳಿಸುವುದು. ಎಂಟು ಕಿಲೋ ಇಳಿಸಬೇಕೆಂದು ನಾನು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತು ಕಿಲೋ ಅಕ್ಕಿಮೂಟೆಯನ್ನು ಒಬ್ಬಳೇ ಎತ್ತುವಂತಾಗಬೇಕು ಎಂದಷ್ಟೇ ಹೇಳಿದ್ದೆ.

ನಾನು ಓಕ್ ಮಿರಾನ್. ಮಾಸಾನ್ ಬಂದರಿನ ಹತ್ತಿರದ ಶಾಲೆಯಲ್ಲಿ ಪೌಷ್ಟಿಕ ಆಹಾರದ ಟೀಚರ್. ಆರು ನೂರು ಮಕ್ಕಳ ಮಧ್ಯಾಹ್ನದ ತಟ್ಟೆಯಲ್ಲಿ ಎಷ್ಟು ಉಪ್ಪು, ಎಷ್ಟು ಕಬ್ಬಿಣ, ಎಷ್ಟು ನಾರು ಎಂದು ಹತ್ತು ವರ್ಷದಿಂದ ನೋಡುತ್ತ ಬಂದವಳು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಅದರಲ್ಲಿ ಮೊದಲರ್ಧ ಮಾತ್ರ ಗೊತ್ತು.

ಪಟ್ಟಿಯ ಪಕ್ಕದಲ್ಲಿ ಬರೆದೆ: ಸುಣ್ಣದಂಶ ಅರ್ಧಕ್ಕಿಂತ ಕಡಿಮೆ, ನಾರು ಇಲ್ಲವೇ ಇಲ್ಲ, ಹಣ್ಣು ಏನು ತಪ್ಪು ಮಾಡಿದೆ, ಮತ್ತೆ ಬರೆದು ತನ್ನಿ. ಜಿಮ್ಮಿನ ತರಬೇತುದಾರರಲ್ಲಿ ಇದನ್ನು ಓದಿ ಸಿಟ್ಟಾಗದವರು ಯಾರಿದ್ದಾರೆ? ತೇಸಾನ್ ಓದಿದ, ತಲೆ ಕೆರೆದುಕೊಂಡ, ಎರಡು ದಿನ ಬಿಟ್ಟು ನಿಜವಾಗಿಯೂ ಮತ್ತೆ ಬರೆದು ತಂದ. ಹಣ್ಣಿನ ಜಾಗದಲ್ಲಿ ಒಂದು ಕಿತ್ತಳೆ ಬರೆದಿದ್ದ. ಅದರ ಪಕ್ಕದಲ್ಲೊಂದು ಪುಟ್ಟ ಚಿತ್ರ ಬೇರೆ.

“ಈಗ ಎಷ್ಟು ಮಾರ್ಕ್ಸ್ ಟೀಚರ್?” ಎಂದು ಕೇಳಿದ.

“ಪಾಸಾಗಿಲ್ಲ ಮೇಷ್ಟ್ರೇ. ಚಿತ್ರಕ್ಕೆ ಬೇಕಾದ್ರೆ ಕೊಡ್ತೀನಿ.”

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚಿಕೊಳ್ಳುತ್ತದೆ. ನನಗಿಂತ ನಾಲ್ಕು ವರ್ಷ ಚಿಕ್ಕವನು, ಮೂವತ್ತು. ಇದನ್ನೆಲ್ಲ ನಾನು ಗಮನಿಸಬಾರದಿತ್ತು, ಗಮನಿಸಿದೆ.

ಜಿಮ್ ಇರುವುದು ಮೀನಿನ ಗಾಳ ಮಾರುವ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಅಲ್ಲೊಂದು ನಿಯಮ. ತಿಂದದ್ದನ್ನೆಲ್ಲ ಫೋಟೋ ತೆಗೆದು ತರಬೇತುದಾರನಿಗೆ ಕಳಿಸಬೇಕು, ಅವನು ಉತ್ತರ ಕೊಡಬೇಕು. ಉಳಿದವರು ಕೋಳಿಯ ಎದೆಮಾಂಸ ಕಳಿಸುತ್ತಿದ್ದರು. ನಾನು ನನ್ನ ಶಾಲೆಯ ತಟ್ಟೆಯನ್ನೇ ಕಳಿಸಿದೆ. ಬಾರ್ಲಿ ಬೆರೆಸಿದ ಅನ್ನ, ಕಡಲಪಾಚಿಯ ಸಾರು, ಸುಟ್ಟ ಬಂಗುಡೆ, ಮೊಳಕೆಕಾಳಿನ ಪಲ್ಯ, ಖಾರ ಹಚ್ಚಿ ಹುಳಿ ಬರಿಸಿದ ಎಲೆಕೋಸಿನ ಕಿಮ್ಚಿ. ಬೇಕೆಂದೇ ಅನ್ನವನ್ನು ಗೋಪುರದ ಹಾಗೆ ಒಟ್ಟಿ ತೆಗೆದಿದ್ದೆ.

ಮೊದಲ ವಾರ ಅವನ ಉತ್ತರ ಒಂದೇ, ಅನ್ನ ಅರ್ಧ ಮಾಡಿ. ಎರಡನೇ ವಾರ, ಸಾರಿಗೆ ಬೆಳ್ಳುಳ್ಳಿ ಮೊದಲು ಹಾಕ್ತೀರೋ ಆಮೇಲೋ ಎಂದು ಕೇಳಿದ. ಮೂರನೇ ವಾರ ಶಾಲೆಯಲ್ಲಿ ಪರೀಕ್ಷೆಯ ಗಲಾಟೆ, ಫೋಟೋ ಕಳಿಸುವುದು ಮರೆತೆ. ಒಂದೂವರೆಗೆ ಮೆಸೇಜು ಬಂತು: ಇವತ್ತು ಊಟ ಇಲ್ವಾ, ನಾನು ಕಾಯ್ತಿದೀನಿ.

ಆ ಕಾಯ್ತಿದೀನಿ ಅನ್ನುವುದನ್ನು ನಾನು ಅಡುಗೆಮನೆಯ ಹಬೆಯಲ್ಲಿ ನಿಂತು ನಾಲ್ಕು ಸಲ ಓದಿದೆ. ಅಡುಗೆಯವರು ಸಾರಿಗೆ ಉಪ್ಪು ಸಾಕೇ ಎಂದು ಕೇಳಿದರು. ಸಾಕು ಅಂದೆ. ರುಚಿ ನೋಡಿಯೇ ಇರಲಿಲ್ಲ.

ಜಿಮ್ಮಿನ ಒಂದು ಗೋಡೆ ಪೂರ್ತಿ ಕನ್ನಡಿ. ನಾವು ನೇರವಾಗಿ ಕಣ್ಣು ಕೂಡಿಸುತ್ತಿರಲಿಲ್ಲ, ಅದಕ್ಕೆ ಕನ್ನಡಿ ಇತ್ತು. ನಾನು ಭಾರ ಹೊತ್ತು ಕೂತೇಳುವಾಗ ಅವನು ಹಿಂದೆ ನಿಂತು ಎಣಿಸುವನು. ಬೆನ್ನು ನೇರ ಇರಲಿ ಎಂದು ಹೇಳುವ ಕಣ್ಣು ನನ್ನ ಬೆನ್ನಿನ ಮೇಲಿರುತ್ತಿರಲಿಲ್ಲ, ಕನ್ನಡಿಯೊಳಗಿನ ನನ್ನ ಮುಖದ ಮೇಲಿರುತ್ತಿತ್ತು. ಒಮ್ಮೆ ಎಂಟರಿಂದ ಮತ್ತೆ ಆರಕ್ಕೆ ಬಂದ.

“ಮೇಷ್ಟ್ರೇ, ಕಾಲು ನಂದು. ಎಂಟಾಯ್ತು.”

“ಗೊತ್ತು ಟೀಚರ್. ಇನ್ನೆರಡು ಸಲ ನೋಡೋಣ ಅಂತ” ಎಂದವನು ಕಿವಿಯ ತನಕ ಕೆಂಪಾದ. ನಾನು ಕೆಂಪಾದದ್ದನ್ನು ಭಾರ ಎತ್ತಿದ್ದರ ಲೆಕ್ಕಕ್ಕೆ ಹಾಕಿಕೊಂಡೆ.

ಅಲ್ಲಿಂದಾಚೆ ನಾನೂ ಒಂದು ನಿಯಮ ಮಾಡಿದೆ. ನನ್ನ ತಟ್ಟೆ ನೀವು ನೋಡುವುದಾದರೆ ನಿಮ್ಮದನ್ನು ನಾನೂ ನೋಡಬೇಕು ಅಂದೆ. ಅವನು ಒಪ್ಪಿದ. ಮೊದಲ ದಿನಗಳಲ್ಲಿ ಅವನ ಅಮ್ಮ ಕಟ್ಟಿಕೊಟ್ಟ ಡಬ್ಬಿಯ ಫೋಟೋ ಬಂತು. ಟೋಫು, ಸೊಪ್ಪು, ಒತ್ತಿ ಒತ್ತಿ ತುಂಬಿದ ಅನ್ನ. ನಾನು ಕೆಂಪು ಹೃದಯ ಕಳಿಸಿದೆ. ಅದು ಟೋಫುವಿಗೆ ಎಂದು ಕೆಳಗೆ ಬರೆದೆ.

ನಾನು ಸೇರಿ ಮೂರು ತಿಂಗಳಾದಾಗ ಜಿಮ್ಮಿನ ಯಜಮಾನ ಮಾ ಚಾಂಗ್‌ಸು ತನ್ನದೇ ಹೆಸರಿನ ಐದು ಡಬ್ಬಗಳ ಸೆಟ್ ಮಾಡಿಸಿದ. ಪ್ರೋಟೀನ್ ಪುಡಿ, ಕಸರತ್ತಿಗೆ ಮುಂಚೆ ಕುಡಿಯುವ ಪುಡಿ, ಆಮೇಲೆ ಕುಡಿಯುವ ಪುಡಿ, ವಿಟಮಿನ್, ಮತ್ತು ಕೊಬ್ಬು ಕರಗಿಸುತ್ತದೆ ಅನ್ನುವ ಮಾತ್ರೆ. ಗೋಡೆಗೆ ಆಳೆತ್ತರದ ಪೋಸ್ಟರ್ ಬರಬೇಕು, ಅದರಲ್ಲಿ ತೇಸಾನ್ ಅಂಗಿಯಿಲ್ಲದೆ ನಿಲ್ಲಬೇಕು, ಕೆಳಗೆ ‘ಈ ಮೈ ಕಟ್ಟಿದ್ದು ಈ ಐದು ಡಬ್ಬ’ ಎಂದು ಬರೆಸಬೇಕು. ಫೋಟೋ ಚೆನ್ನಾಗಿ ಬಂದರೆ ತೇಸಾನ್ ಮುಖ್ಯ ತರಬೇತುದಾರ. ಇದ್ದದ್ದು ಮೂರು ವಾರ.

ಮೂರು ವಾರದಲ್ಲಿ ಅವನ ತಟ್ಟೆ ಬದಲಾಯಿತು. ಅನ್ನ ಹೋಯಿತು, ಟೋಫು ಹೋಯಿತು. ಒಂದು ತುಂಡು ಕೋಳಿ, ಪಕ್ಕದಲ್ಲಿ ಏಳು ಪುಟ್ಟ ಟೊಮ್ಯಾಟೊ. ಶಾಲೆಯ ಮಕ್ಕಳು ಪಲ್ಯವನ್ನು ಸಾರಿನ ಬಟ್ಟಲಲ್ಲಿ ಮುಳುಗಿಸಿಟ್ಟು, ತಿಂದೆ ಅನ್ನುವುದನ್ನು ಹತ್ತು ವರ್ಷ ಹಿಡಿದವಳು ನಾನು. ಶುಕ್ರವಾರದ ಫೋಟೋವನ್ನು ಹಿಗ್ಗಿಸಿ ನೋಡಿದೆ. ಆರನೇ ಟೊಮ್ಯಾಟೊ ತೊಟ್ಟಿನ ಹತ್ತಿರ ಒಡೆದಿತ್ತು. ಮಂಗಳವಾರದ್ದನ್ನು ತೆಗೆದೆ. ಅದೇ ಆರನೇದು, ಅದೇ ಜಾಗದಲ್ಲಿ ಒಡೆದಿತ್ತು. ಬುಧವಾರ, ಗುರುವಾರವೂ ಅಷ್ಟೇ.

ಹಳೆಯ ಫೋಟೋ ಕಳಿಸಿ ತರಬೇತುದಾರನಿಗೆ ಟೋಪಿ ಹಾಕುವವರ ಬಗ್ಗೆ ಕೇಳಿದ್ದೆ. ಇಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

ಭಾನುವಾರ ಮಧ್ಯಾಹ್ನ ಜಿಮ್ಮಿಗೆ ರಜೆ. ತೇಸಾನ್ ಒಬ್ಬನೇ ನೆಲ ಒರೆಸುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು. ಕಿಟಕಿಯಲ್ಲಿ ಕಪ್ಪು ಕಾಫಿಯ ಲೋಟ, ಪಕ್ಕದಲ್ಲಿ ಕೊಬ್ಬು ಕರಗಿಸುವ ಡಬ್ಬ.

“ಶುಕ್ರವಾರ ಏನು ತಿಂದ್ರಿ ಮೇಷ್ಟ್ರೇ?”

“ಫೋಟೋ ಕಳ್ಸಿದ್ನಲ್ಲ ಟೀಚರ್.”

“ಅದರಲ್ಲಿರೋದು ಮಂಗಳವಾರದ ಟೊಮ್ಯಾಟೊ.”

ಅವನು ಬೆಂಚಿನ ಮೇಲೆ ಕೂತ. ನಗಲು ನೋಡಿದ, ನಗುವಿಗೂ ಶಕ್ತಿ ಇರಲಿಲ್ಲ. ಕಾಫಿ, ಶೇಕ್, ಮಾತ್ರೆ, ಒಂದೊಂದು ಮೊಟ್ಟೆಯ ಬಿಳಿ, ಇಷ್ಟೇ ಎಂದು ಒಪ್ಪಿಕೊಂಡ. ಕೊನೆಯ ಮೂರು ದಿನ ನೀರನ್ನೂ ಬಿಡಬೇಕು, ಆಗ ಚರ್ಮ ತೆಳುವಾಗಿ ಗೆರೆಗಳು ಕಾಣುತ್ತವೆ ಎಂದು ಪಾಠ ಒಪ್ಪಿಸುವಂತೆ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

“ನಾನು ನಿಮ್ಮ ಹಾಗೆ ಓದಿದವನಲ್ಲ” ಅಂದ. “ಮೊಣಕಾಲು ಮುರಿದ್ಮೇಲೆ ಕುಸ್ತಿನೂ ಹೋಯ್ತು. ನನ್ ಹತ್ರ ಇರೋದು ಈ ಮೈ ಒಂದೇ. ಅದನ್ನ ಗೋಡೆ ಮೇಲೆ ಹಾಕ್ತೀನಿ ಅಂತಿದಾರೆ. ಬೇಡ ಅನ್ಲಾ?”

“ಇರೋದು ಅದೊಂದೇ ಆದ್ರೆ ಅದಕ್ಕೆ ಅನ್ನ ಹಾಕಿ.”

“ಇನ್ನು ಆರು ದಿನ ಅಷ್ಟೇ. ನೀವು ಇಲ್ಲಿ ಕಲಿಯೋಕೆ ಬಂದೋರು ಟೀಚರ್. ಇದ್ರಲ್ಲಿ ತಲೆ ಹಾಕ್ಬೇಡಿ.”

ಕಲಿಯಲು ಬಂದವಳು. ಅಷ್ಟೇ ಸಂಬಂಧ. ನಾನು ಮೆಟ್ಟಿಲಿಳಿದು ಬಂದರಿನ ಕಟ್ಟೆಯ ಮೇಲೆ ಕೂತು ಅತ್ತೆ. ಮೂವತ್ತನಾಲ್ಕು ವರ್ಷದವಳು, ನಾಚಿಕೆಯಿಲ್ಲದೆ, ಹಾಡಹಗಲಲ್ಲಿ ಅತ್ತೆ. ಅವನ ಮೈ ನನಗೆ ಇಷ್ಟವಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಮನಸ್ಸಾದದ್ದು ಸಾರಿಗೆ ಬೆಳ್ಳುಳ್ಳಿ ಯಾವಾಗ ಎಂದು ಕೇಳಿದವನ ಮೇಲೆ. ಅವನು ದಿನದಿನಕ್ಕೂ ಕರಗುತ್ತಿದ್ದ.

ಮರುದಿನ ಯಜಮಾನ ಮಾ ನನ್ನನ್ನೇ ಕರೆದ. ಶನಿವಾರ ಬೆಳಿಗ್ಗೆ ಜಿಮ್ಮಿನಲ್ಲೇ ಫೋಟೋ ತೆಗೆಯುವುದು, ಸದಸ್ಯರೆಲ್ಲ ಬರುತ್ತಾರೆ. ಪೌಷ್ಟಿಕಾಂಶದ ಟೀಚರ್ ಎದ್ದು ನಿಂತು ‘ಈ ಸೆಟ್ಟಿನಲ್ಲಿ ಒಂದು ದಿನಕ್ಕೆ ಬೇಕಾದದ್ದೆಲ್ಲ ಇದೆ’ ಎಂದುಬಿಟ್ಟರೆ ಸಾಕು. ಒಂದೇ ವಾಕ್ಯ. ಹೇಳಿದರೆ ತೇಸಾನ್‌ನ ಬಡ್ತಿ ಖಾಯಂ. ಹೇಳದಿದ್ದರೆ ಕಷ್ಟ ಎಂದು ಹಲ್ಲು ಬಿಟ್ಟ. ನಮ್ಮಿಬ್ಬರನ್ನು ಕನ್ನಡಿ ಒಂದೇ ನೋಡಿರಲಿಲ್ಲ.

ಸುಳ್ಳು ಹೇಳುವುದಿಲ್ಲ, ನಾನು ಆ ವಾಕ್ಯ ಹೇಳಿಬಿಡಬೇಕೆಂದೇ ಹೋದೆ. ಅವನು ಹಸಿದು ಸಂಪಾದಿಸಿದ್ದನ್ನು ನನ್ನ ಬಾಯಿಂದ ಕಳೆದುಕೊಳ್ಳುವುದು ಬೇಡ ಅಂದುಕೊಂಡೆ. ಐದು ದಿನ ಆ ವಾಕ್ಯವನ್ನು ಬಾಯಲ್ಲಿ ಹೊರಳಿಸಿದೆ. ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗಿತ್ತು.

ಶನಿವಾರ ಮೂವತ್ತು ಜನ ಸೇರಿದ್ದರು. ತೇಸಾನ್ ಮೈಗೆ ಎಣ್ಣೆ ಬಳಿದುಕೊಂಡು ದೀಪಗಳ ಮುಂದೆ ನಿಂತಿದ್ದ. ಹೊಟ್ಟೆಯ ಮೇಲೆ ಆರು ಗೆರೆ, ತುಟಿಯ ಮೇಲೆ ಬಿರುಕು. ಭಾರವನ್ನು ಮತ್ತೆ ಮತ್ತೆ ಕೈ ಬದಲಿಸಿ ಹಿಡಿಯುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಯಜಮಾನ ನನ್ನನ್ನು ಮುಂದಕ್ಕೆ ಕರೆದ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬ ಹೆಂಗಸು ಕೈಯೆತ್ತಿದಳು.

“ಟೀಚರಮ್ಮಾ, ನನ್ನ ಮಗಳು ನಿಮ್ಮ ಶಾಲೇಲೇ ಒಂಬತ್ನೇ ಕ್ಲಾಸು. ತೆಳ್ಳಗಾಗ್ಬೇಕು ಅಂತ ಊಟಾನೇ ಬಿಟ್ಟಿದಾಳೆ. ಇದನ್ನ ಕೊಟ್ರೆ ಊಟ ಇಲ್ದಿದ್ರೂ ನಡೆಯತ್ತಾ?”

ಐದು ದಿನ ಹೊರಳಿಸಿದ ವಾಕ್ಯವನ್ನು ನಾನು ಅಲ್ಲೇ ಉಗುಳಿದೆ.

“ನಡೆಯಲ್ಲ” ಅಂದೆ. ಡಬ್ಬಗಳನ್ನು ಒಂದೊಂದಾಗಿ ಎತ್ತಿ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದೆ. ಒಂದು ಚಮಚ ಪ್ರೋಟೀನ್ ಅಂದರೆ ಮೂರು ಮೊಟ್ಟೆ. ಕಸರತ್ತಿನ ನಂತರ ಕುಡಿಯುವ ಪುಡಿಯಲ್ಲಿರುವುದು ಈ ಪ್ರೋಟೀನಿನಲ್ಲಿ ಆಗಲೇ ಇರುವುದು, ದ್ರಾಕ್ಷಿಯ ವಾಸನೆ ಮಾತ್ರ ಹೊಸದು. ಈ ಮಾತ್ರೆಯೊಂದರಲ್ಲಿ ಎರಡು ಲೋಟ ಕಾಫಿಯಷ್ಟು ಕೆಫೀನ್, ದಿನಕ್ಕೆ ಮೂರು ನುಂಗಿ ಎಂದು ಬರೆದಿದೆ, ಮಕ್ಕಳ ಕೈಗೆ ಸಿಗದಂತಿಡಿ. ಪುಡಿ ವಿಷವಲ್ಲ, ಊಟದ ಜೊತೆ ಬೇಕಾದವರು ಕುಡಿಯಲಿ. ಊಟದ ಬದಲು ಕುಡಿಯಲು ಕೊಟ್ಟರೆ ನಿಮ್ಮ ಮಗಳು ತರಗತಿಯಲ್ಲೇ ಬೀಳುತ್ತಾಳೆ. ಸೋಮವಾರ ಅವಳನ್ನು ನನ್ನ ಹತ್ತಿರ ಕಳಿಸಿ ಅಂದೆ.

ಹೇಳುವಾಗ ತೇಸಾನ್‌ನ ಕಡೆ ನೋಡಲಿಲ್ಲ. ನೋಡಿದ್ದರೆ ನಿಲ್ಲಿಸಿಬಿಡುತ್ತಿದ್ದೆ. ಅವನ ಮೂರು ವಾರದ ಹಸಿವನ್ನು ಮೂರು ನಿಮಿಷದಲ್ಲಿ ನೀರುಪಾಲು ಮಾಡಿದ್ದೆ. ಇನ್ನು ಅವನು ನನ್ನ ಮುಖ ನೋಡುವುದಿಲ್ಲ ಅಂದುಕೊಂಡೆ.

ಯಜಮಾನ ಗಟ್ಟಿಯಾಗಿ ನಕ್ಕ. ಟೀಚರಿಗೆ ಎಲ್ಲದರಲ್ಲೂ ಪರೀಕ್ಷೆ, ಕಣ್ಣೆದುರು ಸಾಕ್ಷಿ ನಿಂತಿರುವಾಗ ಲೇಬಲ್ ಯಾಕೆ ಎಂದ. ತೇಸಾನ್, ಈ ಮೈ ಹೇಗೆ ಬಂತು ಅಂತ ನೀನೇ ಹೇಳು ಎಂದ.

ತೇಸಾನ್ ಕನ್ನಡಿಯಲ್ಲಿ ನನ್ನನ್ನು ಹುಡುಕಿದ. ಆಮೇಲೆ ಕನ್ನಡಿ ಬಿಟ್ಟು ತಿರುಗಿ ನೇರವಾಗಿ ನೋಡಿದ. ಭಾರವನ್ನು ನೆಲಕ್ಕಿಟ್ಟ.

“ಏಳು ವರ್ಷದ ಕಸರತ್ತಿನಿಂದ, ಅಮ್ಮ ಬಡಿಸಿದ ಅನ್ನದಿಂದ ಬಂತು. ಈ ಡಬ್ಬ ಬಂದು ಒಂದು ತಿಂಗಳೂ ಆಗಿಲ್ಲ. ಮೂರು ವಾರದಿಂದ ಹೊಟ್ಟೆಗೆ ಅನ್ನ ಇಲ್ಲ, ಮೂರು ದಿನದಿಂದ ನೀರಿಲ್ಲ. ನನಗೆ ನಿಂತ್ಕೊಳ್ಳೋಕಾಗ್ತಿಲ್ಲ. ಕೂತ್ಕೋತೀನಿ.”

ಅಷ್ಟು ಹೇಳಿ ಎಲ್ಲರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಮಗಳ ಬಗ್ಗೆ ಕೇಳಿದ ಹೆಂಗಸೇ ತನ್ನ ನೀರಿನ ಬಾಟಲಿ ಕೊಟ್ಟಳು. ಸೋಮವಾರದಿಂದ ಬರಬೇಡ ಎಂದ ಯಜಮಾನ. ನನ್ನ ಕಡೆ ತಿರುಗಿ ನಿಮಗೂ ಅದೇ ಎಂದ. ಬರುವವರು ಯಾರು ಅಂದೆ ನಾನು.

ಮೀನು ಮಾರುಕಟ್ಟೆಯ ಮೂಲೆಯಲ್ಲಿ ಗಂಜಿಯಂಗಡಿ ಇದೆ. ಅವನಿಗೆ ಖಾರದ ಮೀನು ಬೇಕಿತ್ತು. ಖಾಲಿ ಹೊಟ್ಟೆಗೆ ಮೊದಲು ಗಂಜಿ ಎಂದು ನಾನು ಹೇಳಿದ ಮೇಲೆ ಮುಗಿಯಿತು. ಅವನು ಊದಿ ಊದಿ ಕುಡಿದ. ಕೆನ್ನೆಗೆ ಬಣ್ಣ ಬರುವುದನ್ನು ನಾನು ಕಣ್ತುಂಬ ನೋಡಿದೆ. ನೋಡಬಾರದು ಅನ್ನಲು ಅಲ್ಲಿ ಯಾರಿದ್ದರು?

ಕೆಲಸ ನನ್ನಿಂದ ಹೋಯಿತು, ಬೈಯುವುದಿದ್ದರೆ ಬೈದುಬಿಡಿ ಅಂದೆ. ಅವನು ತಲೆಯಾಡಿಸಿದ. ಬಾಯಲ್ಲಿ ಗಂಜಿ ಇತ್ತು. ನುಂಗಿ, ಬಟ್ಟಲನ್ನೇ ನೋಡುತ್ತ ಕೇಳಿದ.

“ಕೆಲಸ ಇಲ್ಲ. ಹತ್ತು ದಿನದಲ್ಲಿ ಈ ಗೆರೆನೂ ಇರಲ್ಲ. ಇನ್ನು ನನ್ನಲ್ಲಿ ನಿಮಗೆ ಏನು ಬೇಕು ಟೀಚರ್?”

“ನೀನು ಬೇಕು” ಅಂದೆ.

ಚಮಚ ಅರ್ಧಕ್ಕೆ ನಿಂತಿತು. ನಾಲ್ಕು ತಿಂಗಳು ನೀವು ನೀವು ಅಂದ ಬಾಯಿ. ಹಿಂದೆ ಸರಿಯುವವರ ಪೈಕಿ ನಾನಲ್ಲ. ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದೆ.

“ದಪ್ಪ ಆಗು, ತೆಳ್ಳಗಾಗು, ನನಗೇನೂ ಇಲ್ಲ. ಹೊಟ್ಟೆ ತುಂಬ ಉಣ್ಣೋ ನೀನು ನನಗೆ ಬೇಕು. ಪ್ರೀತಿ ಮಾಡ್ತೀನಿ ಅಂತ ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರಲ್ಲ.”

ಅವನು ಉಳಿದ ಗಂಜಿಯನ್ನೆಲ್ಲ ಬಳಿದು ಕುಡಿದ. ಇನ್ನೊಂದು ಬಟ್ಟಲು ಹೇಳಲು ಕೈಯೆತ್ತಿದ. ಇವತ್ತಿಗೆ ಒಂದೇ, ಎರಡನೇದು ನಾಳೆ ಎಂದು ನಾನು ತಡೆದೆ. ಅವನ ಎಡಗಣ್ಣು ಮೊದಲು ಮುಚ್ಚಿತು, ಆಮೇಲೆ ಬಲಗಣ್ಣು. ಎರಡರಲ್ಲೂ ನೀರಿತ್ತು.

“ನಾಳೆ ನೀನೂ ಬರ್ತೀಯ ತಾನೆ, ಮಿರಾನ್?”

ಬರ್ತೀನಿ ಅಂದೆ. ಮೇಜಿನ ಮೇಲಿದ್ದ ಅವನ ಕೈ ಹಿಡಿದೆ. ಪಕ್ಕದ ಮೇಜಿನಲ್ಲಿ ಕೂತಿದ್ದ ಮೀನು ಮಾರುವ ಹೆಂಗಸರು ಮಾತು ನಿಲ್ಲಿಸಿ ತಿರುಗಿ ನೋಡಿದರು. ನೋಡಲಿ ಎಂದು ನಾನು ಕೈ ಬಿಡಲಿಲ್ಲ.