ಬಿಟ್ಟುಹೋದ ಉರ್ಫ್

"ಈ ಅರ್ಜಿಯೊಳಗ ನೀವು ಮೂರು ಮಂದಿ ಅದೀರಿ. ಯಾರನ್ನ ಕೆನಡಾಕ್ಕ ಕಳಸೂಣು?"

ಟೈಪ್‌ರೈಟರಿನಿಂದ ತಲೆಯನ್ನೂ ಎತ್ತದೆ ಕಾಂತಾ ಕೇಳಿದಳು.

ಎದುರಿಗೆ ನಿಂತಿದ್ದ ಉಳವಪ್ಪನಿಗೆ ಸಿಟ್ಟು ಬಂತು. ಮಚ್ಛೆಯ ಕಾರ್ಖಾನೆಯಲ್ಲಿ ಲೇಥ್ ಮಷೀನು ನಡೆಸುವವನು. ಅರ್ಧ ದಿನ ರಜೆ ಹಾಕಿ, ಕೈಗೆ ಹತ್ತಿದ ಎಣ್ಣೆಯನ್ನೂ ಸರಿಯಾಗಿ ತೊಳೆಯದೆ, ಬೆಳಗಾವಿ ಕೋರ್ಟಿನ ಎದುರಿನ ಈ ಟೈಪಿಂಗ್ ಅಂಗಡಿಗೆ ಓಡಿ ಬಂದಿದ್ದ. ಇಲ್ಲಿ ನೋಡಿದರೆ ಈ ಹುಡುಗಿ ಚೇಷ್ಟೆ ಮಾಡುತ್ತಿದ್ದಾಳೆ!

"ಹಂಗಂದ್ರ ಏನ್ರೀ?"

"ಸಾಲಿ ಸರ್ಟಿಫಿಕೇಟಿನ್ಯಾಗ ಉಳವಪ್ಪ. ರೇಷನ್ ಕಾರ್ಡಿನ್ಯಾಗ ಉಳವಯ್ಯ. ಅರ್ಜಿಯೊಳಗ ಬರೇ ಯು. ನಂದಗಡ."

"ಮೂರೂ ನಾನ ರೀ. ಖಾನಾಪುರದಾಗ ಯಾರನ್ನರೆ ಕೇಳ್ರಿ, ಹೇಳ್ತಾರ."

"ಕೆನಡಾದ ಸಾಹೇಬ್ರು ಖಾನಾಪುರಕ್ಕ ಬಂದು ಕೇಳೂದಿಲ್ರಿ. ಕಾಗದದಾಗ ಹೆಸರು ಬದಲಾತಂದ್ರ ಮನಷ್ಯಾನ ಬ್ಯಾರೆ."

ಈಗ ತಲೆ ಎತ್ತಿದಳು. ಅವನ ಮುಖದಲ್ಲಿ ಸಿಟ್ಟು ಹೋಗಿ ಹೆದರಿಕೆ ಬಂದಿತ್ತು. ಅವಳಿಗೆ ಪಾಪ ಅನ್ನಿಸಿತು. ಹೊಸ ಹಾಳೆ ಏರಿಸಿ ಟಕಟಕ ಹೊಡೆದು ತೋರಿಸಿದಳು. ಉಳವಪ್ಪ ಉರ್ಫ್ ಉಳವಯ್ಯ.

"ಈ ಉರ್ಫ್ ಇತ್ತಂದ್ರ ಎರಡು ಹೆಸರು, ಒಬ್ಬಾವ. ಬಿಟ್ರಿ ಅಂದ್ರ ಇಬ್ಬರು. ನೆನಪಿಡ್ರಿ."

ನೆನಪಿಟ್ಟುಕೊಂಡ. ಅರ್ಧ ಮಾತ್ರ! ಈ ಕಥೆಯ ಕಣ್ಣೀರೆಲ್ಲ ಅವನು ಮರೆತ ಆ ಇನ್ನರ್ಧದಿಂದ ಬಂದದ್ದು.

ಅದು ೧೯೭೯. ಆ ಮೇಲೆ ಉಳವಪ್ಪನಿಗೆ ವಾರಕ್ಕೊಂದು ಟೈಪಿಂಗ್ ಕೆಲಸ ಹುಟ್ಟಿಕೊಂಡಿತು. ಟೈಪ್ ಮಾಡಿಸಲು ಏನೂ ಇಲ್ಲದ ದಿನ, ತನ್ನ ವಿಳಾಸವನ್ನೇ ನಾಲ್ಕು ಪ್ರತಿ ಹೊಡೆಸಿಕೊಂಡು ಹೋದ. ಕಾಂತಾ ನಗಲಿಲ್ಲ. ಆದರೆ ಆ ನಾಲ್ಕನ್ನೂ ಒಂದೂ ತಪ್ಪಿಲ್ಲದೆ ಹೊಡೆದಳು.

ಮುಂದಿನ ವರ್ಷ ಅವನ ತಾಯಿ ಅಕ್ಕವ್ವ ಖಾನಾಪುರದಿಂದ ಬಂದು, ಕಾಂತಾಳ ತಂದೆ ಗುರುಪಾದಪ್ಪನವರನ್ನು ಕೇಳಿ, ನಿಶ್ಚಯ ಮಾಡಿದಳು. ಹಸಿರು ಇಳಕಲ್ ಸೀರೆ ಉಡಿಸಿ, ಬೆರಳಿಗೆ ಉಂಗುರ ಹಾಕಿದಳು. ಅಂದಿನಿಂದ ಕಾಂತಾ ಅವನ ಹೆಸರು ಬಾಯಿಂದ ತೆಗೆಯಲಿಲ್ಲ. ಗಂಡನಾಗುವವನ ಹೆಸರು ಹೇಳುವುದುಂಟೇ? ಯಾರು ಕೇಳಿದರೂ "ಅವರು" ಅಷ್ಟೇ.

"ವರ್ಷದಾಗ ಬರ್ತೀನಿ," ಅಂತ ಹೇಳಿ ಅವರು ಕೆನಡಾಕ್ಕೆ ಹೋದರು.

ವರ್ಷವಾಯಿತು. ಬರಲಿಲ್ಲ.

ಕಾಗದ ಮಾತ್ರ ಬರುತ್ತಿತ್ತು. 'ಇಲ್ಲೇ ಕಾಯಂ ಇರಾಕ ಅರ್ಜಿ ಹಾಕೀನಿ. ಅದು ತೀರ್ಮಾನ ಆಗೂ ತನಕ ದುಡಿಯಾಕ ಪರ್ಮಿಟ್ ಕೊಟ್ಟಾರ. ಆದ್ರ ನಡುವ ದೇಶ ಬಿಟ್ನಿ ಅಂದ್ರ ಅರ್ಜಿ ಬಿದ್ದಂಗ, ಪರ್ಮಿಟ್ಟೂ ಹೋದಂಗ. ಇನ್ನೊಂದು ಸ್ವಲ್ಪ ತಡಿ, ಕಾಂತಾ.'

ತಡೆದಳು. ಮದುವೆಯ ದಿನ ಎರಡು ಸಲ ಮುಂದೆ ಹೋಯಿತು. ಓಣಿಯ ಹೆಂಗಸರು ನೀರಿಗೆ ನಿಂತಲ್ಲಿ ಕೇಳುತ್ತಿದ್ದರು, "ಏನವಾ, ನಿನ್ನ ಕೆನಡಾ ಎಲ್ಲೀ ತನಕ ಬಂತು?" ಕಾಂತಾ ಕೊಡ ತುಂಬಿಸಿಕೊಂಡು ಬರುತ್ತಿದ್ದಳು.

ಒಂದು ಕಾಗದದ ಕೊನೆಗೆ ಅವನು ಹೀಗೆ ಬರೆದಿದ್ದ. 'ನಿನ್ನಿಂದ ಒಂದು ಮಾತು ಮುಚ್ಚಿಟ್ಟೀನಿ. ಮದುವಿ ದಿವಸ ತಿಳೀತದ. ಸಿಟ್ಟಾಗಬ್ಯಾಡ.'

ಅದನ್ನು ಓದಿ ಆಗ ಎಷ್ಟು ನಾಚಿದ್ದಳು, ಹುಚ್ಚಿ!

೧೯೮೨ರ ಮಾರ್ಚ್. ಮಧ್ಯಾಹ್ನದ ಹೊತ್ತು. ಪಕ್ಕದ ವಕೀಲರ ಗುಮಾಸ್ತ ಬಸಯ್ಯ ಕೈಬರಹದ ಕರಡು ತಂದು ಮೇಜಿನ ಮೇಲಿಟ್ಟ.

"ತಂಗಿ, ಇದೊಂದು ಪ್ರಮಾಣಪತ್ರ ಲಗೂನ ಹೊಡದು ಕೊಡು. ಫಾರಿನ್‌ಗೆ ಹೋಗೂದು ಐತಿ."

ಹಾಳೆ, ಕಾರ್ಬನ್, ಹಾಳೆ. ಏರಿಸಿ ಶುರು ಮಾಡಿದಳು. ಖಾನಾಪುರದ ಅಕ್ಕವ್ವ ಎಂಬ ನಾನು...

ಬೆರಳು ನಿಂತವು.

ನನ್ನ ಮಗ ಉಳವಪ್ಪ ಉರ್ಫ್ ಉಳವಯ್ಯ, ಕೆನಡಾದಲ್ಲಿ ಪರ್ಮಿಟ್ ಮೇಲೆ ಕೆಲಸ ಮಾಡುತ್ತಿದ್ದು, ಆತನ ಕಾಯಂ ವಾಸದ ಅರ್ಜಿ ವಿಚಾರಣೆಯಲ್ಲಿದೆ. ಆತನ ಮದುವೆ ಕುಮಾರಿ ಗಂಗಾದೇವಿ ಎಂಬುವಳೊಂದಿಗೆ ನಿಶ್ಚಯವಾಗಿದ್ದು, ಮುಂದೆ ಅವಳೇ ಅವನ ಪತ್ನಿಯಾಗಿ ಅಲ್ಲಿಗೆ ಬರತಕ್ಕವಳು...

ಗಂಗಾದೇವಿ!

ಮತ್ತೆ ಓದಿದಳು. ಗಂಗಾದೇವಿಯೇ. ಕಾಂತಾ ಎಂಬ ಹೆಸರು ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

'ಮುಚ್ಚಿಟ್ಟ ಮಾತು ಇದಾ? ಮದುವಿ ದಿವಸ ತಿಳಿಯೂದು ಇದಾ? ನನ್ನ ಇಲ್ಲಿ ಕುಂದ್ರಿಸಿ, ಇನ್ನೊಬ್ಬಾಕಿನ್ನ... ತಾಯಿನೂ ಇದರಾಗ ಅದಾಳಲ್ಲ. ಸೀರಿ ಉಡಿಸಿದ ಕೈಲೇ ಇದಕ್ಕೂ ಹೆಬ್ಬಟ್ಟು ಒತ್ತತಾಳಲ್ಲ.'

"ಯಾಕವಾ, ಅಕ್ಷರ ತಿಳೀವಲ್ದ?" ಬಸಯ್ಯ ಕೇಳಿದ. ಪಾಪ, ಅವನಿಗೇನು ಗೊತ್ತು? ಎರಡು ವರ್ಷದಲ್ಲಿ ಅವನು ಇವಳ ಬಾಯಿಂದ "ಅವರು" ಎನ್ನುವುದರ ಹೊರತು ಬೇರೆ ಹೆಸರು ಕೇಳಿರಲಿಲ್ಲ.

"ತಿಳೀತದ್ರಿ," ಅಂದಳು.

ಹೊಡೆದು ಮುಗಿಸಿದಳು. ಒಂದು ಅಕ್ಷರ ತಪ್ಪಲಿಲ್ಲ. ಮೇಲಿನ ಪ್ರತಿ ಬಸಯ್ಯನಿಗೆ ಕೊಟ್ಟಳು, ಕಾರ್ಬನ್ ಪ್ರತಿ ಮಡಿಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಅಂಗಡಿಯ ಹಿಂದೆ ಹೋಗಿ, ಗೋಡೆಗೆ ಮುಖ ಒತ್ತಿ ಅತ್ತಳು. ತನ್ನ ಜಾಗಕ್ಕೆ ಬರುವವಳ ಕಾಗದವನ್ನು ತಾನೇ ಹೊಡೆದು ಕೊಡುವ ಗತಿ ಯಾವ ಹೆಣ್ಣಿಗೂ ಬೇಡ.

ಕೇಳಬಹುದಿತ್ತು. ಒಂದು ಕಾಗದ ಬರೆದು 'ಯಾರೀ ಗಂಗಾದೇವಿ?' ಅಂತ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಮನಸ್ಸು ಮುರಿದಾಗ ಕೇಳುವುದು ಬೇಡಿದ ಹಾಗೆ ಅನ್ನಿಸುತ್ತದೆ. ಬೇಡುವ ಜಾತಿಯವಳಲ್ಲ ನಮ್ಮ ಕಾಂತಾ.

"ಅಪ್ಪಾ, ಸೀರಿ, ಉಂಗುರ ಎರಡೂ ಖಾನಾಪುರಕ್ಕ ಮುಟ್ಟಿಸಿ ಬರ್ರಿ."

"ಯಾಕಂತ ಕೇಳಿದ್ರ ಏನ್ ಹೇಳ್ಲಿ?"

"ಅವರಿಗೆ ಗೊತ್ತೈತಿ ಅಂತ ಹೇಳ್ರಿ."

ಅದಾದ ಮೇಲೆ ಅವನಿಂದ ಬಂದ ಮೂರು ಕಾಗದಗಳನ್ನು ಒಡೆಯದೆ ಪೋಸ್ಟ್‌ಮನ್ ಕೈಗೇ ತಿರುಗಿ ಕೊಟ್ಟಳು. ಕೊಟ್ಟು ಬಂದು ಪ್ರತಿ ಸಲ ಊಟ ಬಿಟ್ಟಳು. ಬಯ್ಯಬೇಕೆಂದು ಬಾಯಿ ತೆರೆದರೆ ಎಣ್ಣೆ ಹತ್ತಿದ ಆ ಕೈಗಳೇ ನೆನಪಾಗುತ್ತಿದ್ದವು. ಮೋಸ ಮಾಡಿದವನನ್ನು ದ್ವೇಷಿಸಲಿಕ್ಕೂ ಆಗುವುದಿಲ್ಲವಲ್ಲ, ಅದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಸೋಲಾಗಿತ್ತು.

ಮೇ ತಿಂಗಳ ಹದಿನೈದು. ಟೈಪಿಂಗ್ ಅಂಗಡಿಯ ಬಾಗಿಲಲ್ಲಿ ಅಕ್ಕವ್ವ ನಿಂತಿದ್ದಳು. ಕಂಕುಳಲ್ಲಿ ಹಸಿರು ಸೀರೆಯ ಗಂಟು.

"ಕಾಯೂದು ಸಾಕಾಗಿತ್ತಂದ್ರ ಬಾಯಿಬಿಟ್ಟು ಹೇಳಬೇಕಿತ್ತವಾ. ಎರಡು ತಿಂಗಳು ನಾನೂ ಹಟಾ ಹಿಡದು ಕುಂತ್ನಿ. ಇವತ್ತು ನನ್ನ ಮಗನ ಕಾಗದ ಬಂದೈತಿ. ಅದಕ್ಕ ಬಂದೀನಿ."

ಕಾಂತಾ ಎದ್ದು ನಿಂತಳು. ಚೀಲದಿಂದ ಕಾರ್ಬನ್ ಪ್ರತಿ ತೆಗೆದು ಮೇಜಿನ ಮೇಲೆ ಬಿಡಿಸಿದಳು.

"ಇದನ್ನ ನಾನ ಹೊಡದೀನ್ರಿ, ನನ್ನ ಕೈಲೇ. ಹೇಳ್ರಿ, ಯಾರು ಈ ಗಂಗಾದೇವಿ?"

ಅಕ್ಕವ್ವ ಹಾಳೆ ನೋಡಲಿಲ್ಲ. ಓದು ಬರುತ್ತಿರಲಿಲ್ಲ. ಕಾಂತಾಳ ಮುಖವನ್ನೇ ನೋಡಿದಳು. ಆಮೇಲೆ ಹಣೆ ಹಣೆ ಬಡಿದುಕೊಂಡಳು.

"ಅಯ್ಯ ನನ್ನವ್ವ... ಅದು ನೀನ ಅಲ್ಲೇನ?"

"ನಾನಾ?"

"ಮದುವಿ ದಿವಸ ನಿನಗ ಇಡೂ ಹೆಸರವಾ ಅದು. ನಮ್ಮ ಅತ್ತಿ ಹೆಸರು. ಅಕ್ಕಿ ತಾಟಿನ್ಯಾಗ ಮದುಮಗ ಉಂಗುರಲೆ ಬರದು ತೋರ್ಸೂ ತನಕ ಮದುಮಗಳ ಕಿವಿಗೆ ಬೀಳಬಾರದು. ನಾನ ಅವಂಗ ಆಣಿ ಹಾಕಿ ಕಳಿಸಿದ್ನಿ. ನಿನ್ನ ಕಣ್ಣಿಗೆ ಬೀಳಬಾರದಂತ, ಅವ ಬರದು ಕಳಿಸಿದ್ದನ್ನ ನಿನ್ನ ಕಡೆ ತರದ ವಕೀಲರ ಕಡೆ ಒಯ್ದು ಕೊಟ್ನಿ."

ವಕೀಲರ ಕಡೆ! ಆ ವಕೀಲರ ಪ್ರತಿಯೊಂದು ಕಾಗದವೂ ಈ ಮೇಜಿಗೇ ಬರುತ್ತದೆಂದು ಆ ಮುದುಕಿಗೆ ಯಾರು ಹೇಳಬೇಕು?

ಕಾಂತಾ ಕುರ್ಚಿಯಲ್ಲಿ ಕುಳಿತಳು. 'ಕಾಗದದಾಗ ಹೆಸರು ಬದಲಾತಂದ್ರ ಮನಷ್ಯಾನ ಬ್ಯಾರೆ.' ಅವಳೇ ಕಲಿಸಿದ ಪಾಠ. ಮದುವೆಯ ನಂತರ ಹೆಸರು ಬೇರೆಯಾಗಿ ಅವಳ ಕಾಗದ ನಿಲ್ಲಬಾರದೆಂದು ಅವನು ಮೊದಲೇ ಹೊಸ ಹೆಸರು ಬರೆಸಿದ್ದ. ಉರ್ಫ್ ಹಾಕುವುದನ್ನು ಮರೆತಿದ್ದ.

"ಕಾಗದದಾಗ ಏನ್ ಬರದಾರ್ರಿ?" ಕಾಂತಾ ಕೇಳಿದಳು.

ಅಕ್ಕವ್ವ ಸೆರಗಿನ ಗಂಟಿನಿಂದ ತೆಗೆದು ಕೊಟ್ಟಳು. 'ಅವ್ವಾ, ಕಾಂತಾ ಯಾಕ ಮುರದ್ಲು ನನಗ ತಿಳೀವಲ್ದು. ಅರ್ಜಿ ಬಿದ್ರ ಬೀಳಲಿ, ಪರ್ಮಿಟ್ ಹೋದ್ರ ಹೋಗಲಿ. ಹದಿನೆಂಟಕ್ಕ ವಿಮಾನ ಹತ್ತತೀನಿ. ಆಕಿ ಎದುರು ನಿಂತು ಒಮ್ಮೆ ಕೇಳದ ನನಗ ಇರಾಕ ಆಗೂದಿಲ್ಲ.'

ಹದಿನೆಂಟು. ಇನ್ನು ಮೂರೇ ದಿನ! ಎರಡು ವರ್ಷ ಇಬ್ಬರೂ ಕಾದದ್ದೆಲ್ಲ ಇವಳ ಒಂದು ಮೌನಕ್ಕೆ ಮಣ್ಣಾಗುತ್ತಿತ್ತು.

ಕಾಂತಾ ಎದ್ದವಳೇ ಓಡಿದಳು. ತಾರು ಆಫೀಸಿನಲ್ಲಿ ಫಾರಂ ಎಳೆದುಕೊಂಡು ಬರೆದಳು. ಬರಬೇಡಿ. ಎಲ್ಲ ತಿಳಿಯಿತು. ತಪ್ಪು ನನ್ನದು. ಎಷ್ಟು ವರ್ಷವಾದರೂ ಕಾಯುತ್ತೇನೆ. ಕೆಳಗೆ ಪಕ್ಕದ ವಕೀಲರ ಫೋನ್ ನಂಬರು, ತನ್ನ ಹೆಸರು ಬರೆದು, ಇಂಗ್ಲಿಷಿನಲ್ಲಿ ಮಾಡಿ ಕೊಟ್ಟಳು.

ತಾರು ಗುಮಾಸ್ತ ಕನ್ನಡಕ ಸರಿಸಿದ. "ಕಾಂತಾ ಉರ್ಫ್ ಗಂಗಾದೇವಿ? ತಂಗಿ, ತಾರಿನ್ಯಾಗ ಒಂದ ಹೆಸರು ಸಾಕು. ಉರ್ಫ್ ಯಾಕ?"

"ಇರ್ಲಿರಿ. ಅದಿಲ್ಲದ್ದಕ್ಕ ಇಷ್ಟೆಲ್ಲ ಆತು."

ಹದಿನೇಳರ ಸಂಜೆ ಬಸಯ್ಯ ಓಡಿ ಬಂದ. "ತಂಗಿ, ವಕೀಲ ಸಾಹೇಬ್ರ ಫೋನಿಗೆ ಕೆನಡಾದಿಂದ ಟ್ರಂಕ್ ಕಾಲ್. ಗಂಗಾದೇವಿ ಬೇಕಂತ. ಅಂಥಾಕಿ ಇಲ್ಲಿ ಯಾರೂ ಇಲ್ಲ ಅಂದ್ನಿ, ಟೈಪಿಂಗ್ ಅಂಗಡ್ಯಾಗ ಅದಾಳ ಅಂತಾನ."

ಕಾಂತಾ ರಿಸೀವರ್ ಎತ್ತಿಕೊಂಡಳು. ಗರಗರ ಸದ್ದಿನ ಹಿಂದೆ ಎರಡು ವರ್ಷದಿಂದ ಕೇಳದ ಆ ದನಿ.

"ಕಾಂತಾ... ಟಿಕೀಟು ರದ್ದು ಮಾಡ್ಸೀನಿ."

ಅವಳಿಗೆ ಅಳು ಬಂತು. ಸಿಟ್ಟೂ ಬಂತು. "ಒಂದ ಶಬ್ದ ಹಾಕಾಕ ನಿಮಗ ಏನಾಗಿತ್ರಿ? ಎರಡು ತಿಂಗಳು ಸತ್ತು ಬದುಕೀನಿ."

"ಮರತ್ನಿ. ನೀ ಯಾಕ ಕೇಳಲಿಲ್ಲ?"

"...ಹೆದರಿದ್ನಿ. ಹೌದು ಅಂದು ಬಿಟ್ರ ಅಂತ."

"ಹುಚ್ಚಿ," ಅಂದ ಅವನು.

"ಹೊಸಾ ಪ್ರಮಾಣಪತ್ರ ನಾನ ಹೊಡದು ಕಳಸ್ತೀನಿ," ಅವಳೇ ಅಂದಳು. "ಈ ಸಲ ಉರ್ಫ್ ಹಾಕಿ."

"ಕಾಯ್ತಿಯಲ್ಲಾ?"

"ಕಾಯ್ತೀನ್ರಿ."

"ಹಂಗಾರ ಒಮ್ಮೆ ನನ್ನ ಹೆಸರು ಹೇಳು. ಮೊದಲನೇ ದಿವಸ ಎಷ್ಟು ಜೋರಲೆ ಓದಿದ್ದಿ."

ಬಸಯ್ಯ ಬಾಗಿಲಲ್ಲೇ ನಿಂತಿದ್ದ. ಕಾಂತಾ ಗೋಡೆಯ ಕಡೆ ತಿರುಗಿ, ಸೆರಗು ಬಾಯಿಗೆ ಅಡ್ಡ ಹಿಡಿದಳು.

"ಉಳವಪ್ಪ," ಅಂದಳು ಮೆಲ್ಲಗೆ. "ಉರ್ಫ್... ನಮ್ಮ ಮನಿಯವರು."