ಚಿನ್ನದ ಕೊಕ್ಕರೆಯ ಕತ್ತಿ

ಆ ಬೆಳಿಗ್ಗೆ ಬರ್ ದುಬೈಯಲ್ಲಿ ಎಂಥ ಮಂಜು ಅಂತೀರಿ... ಐದು ಹೆಜ್ಜೆ ಮುಂದೆ ಕತ್ತಿ ಹಿಡಿದು ನಿಂತವನ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

ಕತ್ತಿ ಕಾಣುತ್ತಿತ್ತು. ಕಪ್ಪಗೆ ಹೊಳೆಯುವ ಒರೆ. ಹಿಡಿಗೆ ಸುತ್ತಿದ ರೇಷ್ಮೆ ಹುರಿ. ಚಿನ್ನದ ಕೊಕ್ಕರೆಗಳು. ಮುನ್ನೂರು ವರ್ಷ ಹಳೆಯ ಜಪಾನಿ ಮಾಲು!

“ಹತ್ತಿರ ಬರಬೇಡ ಬ್ಯಾರೀ! ಕತ್ತಿ ಎಳೆದರೆ ಕಡಿದೇ ಹಾಕ್ತೇನೆ!”

ಲೆಸ್ಲಿ. ಊರಿನಿಂದಲೇ ಪರಿಚಯ, ಈಗ ಅಬುಧಾಬಿಯ ಒಬ್ಬ ಧಣಿಯ ಡ್ರೈವರ್. ಆ ಧಣಿಗೆ ಹಳೆಯ ಕತ್ತಿಗಳ ಹುಚ್ಚು. ಅವುಗಳನ್ನು ಒರೆಸಿ ಎಣ್ಣೆ ಹಚ್ಚುವವಳು ನಮ್ಮೂರಿನ ಮೆಹರುನ್ನಿಸ. ಅವಳು ನಸುಕಿನ ಸುಬುಹಿ ನಮಾಝಿಗೆ ನಿಂತಿದ್ದಾಗ ಕಪಾಟಿನ ಕೀ ಮಾಯ. ಕತ್ತಿಯೂ ಮಾಯ. ಲೆಸ್ಲಿಯೂ ಮಾಯ!

ಕೀ ಇರುತ್ತಿದ್ದದ್ದು ಅವಳ ಹತ್ತಿರ, ಹಾಗಾಗಿ ಧಣಿ ಸಂಶಯಪಟ್ಟಿದ್ದು ಅವಳನ್ನೇ. ಹನ್ನೊಂದರೊಳಗೆ ಕತ್ತಿ ಬರದಿದ್ದರೆ ಪೊಲೀಸ್ ಕೇಸ್.

ಅವಳು ಫೋನ್ ಮಾಡಿದ್ದು ನನಗೆ.

ಕದ್ದ ಮಾಲು ಹೋಗುವುದು ಖಾಡಿಯಾಚೆಯ ಪೇಟೆ ನೈಫ್‌ಗೆ. ಅಲ್ಲಾಹನ ಮೇಲೆ ಭಾರ ಹಾಕಿ, ಅಲ್ಲಿಗೆ ದಾಟಿಸುವ ಅಬ್ರಾ ದೋಣಿಕಟ್ಟೆಯಲ್ಲಿ ಕಾದೆ. ಬಂದ. ನನ್ನನ್ನು ಕಂಡ. ಓಡಿದ! ಬಟ್ಟೆ ಅಂಗಡಿಗಳ ನಡುವೆ ನುಗ್ಗಿದ, ಸೀರೆಯ ಬೊಂಬೆಯೊಂದನ್ನು ಕೆಡವಿದ... ಕೊನೆಗೆ ಎದುರಿಗೆ ಗೋಡೆ.

ನಾನು ಒಂದು ಹೆಜ್ಜೆ ಮುಂದಿಟ್ಟೆ.

“ಎಳಿ ಮಾರಾಯ.”

“ನಿನಗೆ ಹುಚ್ಚಾ?”

“ಎಳಿಯಾ!”

ಎಳೆದ.

ಹೊರಗೆ ಬಂದದ್ದು... ಮರದ ಪಟ್ಟಿ!

ಮೆಹರುನ್ನಿಸ ಫೋನಿನಲ್ಲಿ ಅಳುತ್ತಲೇ ಹೇಳಿದ್ದಳು: “ಮಮ್ಮುಚ್ಚಾ, ಜಪಾನಿನವರ ಕ್ರಮ ಹಾಗೆ. ಅಲಗನ್ನು ಸಾದಾ ಮರದ ಒರೆಯಲ್ಲಿ ಬೇರೆಯೇ ಇಡುವುದು. ಈ ಚೆಂದದ ಒರೆ, ಹಿಡಿ ಒಟ್ಟಿಗೆ ನಿಲ್ಲಬೇಕಲ್ಲ, ಅದಕ್ಕೆ ಒಳಗೆ ಮರ.” ಲೆಸ್ಲಿ ಪಾಪ, ಗಾಜಿನ ಹೊರಗಿನಿಂದ ಚಿನ್ನ ನೋಡಿದ್ದ, ಅಷ್ಟೆ.

“ಇದನ್ನು ನೈಫ್‌ನವರಿಗೆ ಕೊಡ್ತೀಯಾ? ಅವರು ಕೇಳಿದ್ದು ಕತ್ತಿ.”

“ಕೊಂದೇ ಬಿಡ್ತಾರೆ ನನ್ನನ್ನು...”

“ಹಾಗಾದರೆ ಧಣಿಗೆ ಫೋನ್ ಹಚ್ಚು. ಕದ್ದದ್ದು ಯಾರೂಂತ ನಿನ್ನ ಬಾಯಲ್ಲೇ ಹೇಳು. ಯಲ್ಲಾ, ಬೇಗ!”

ಹೇಳಿದ. ತಡವರಿಸುತ್ತಾ, ಆದರೆ ಪೂರ್ತಿ ಹೇಳಿದ. ಆ ಕಡೆಯಿಂದ ಧಣಿ, “ಮೆಹರುನ್ನಿಸಳನ್ನು ಕರೆಯಿರಿ, ಕ್ಷಮೆ ಕೇಳಬೇಕು” ಎಂದದ್ದು ಸ್ಪೀಕರಿನಲ್ಲಿ ಕೇಳಿಸಿತು.

“ಬ್ಯಾರೀ, ಒಳಗೆ ನಿಜವಾದ ಅಲಗೇ ಇದ್ದಿದ್ದರೆ?”

ಕೇಳುತ್ತಲೇ ಲೆಸ್ಲಿ ಪಟ್ಟಿಯನ್ನು ಮೆಲ್ಲಗೆ ಒರೆಗೆ ಸೇರಿಸಿದ. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ತೆಗೆದುಕೊಂಡೆ.

“ಇದ್ದಿದ್ದರೆ ಪೊಲೀಸರನ್ನು ಮುಂದೆ ಬಿಟ್ಟು, ನಾನು ಹಿಂದೆ ಚಾಯ ಕುಡೀತಿದ್ದೆ!”